ಆಫೀಸ್ ಫೋನ್ ಸಿಸ್ಟಮ್‌ನಲ್ಲಿ ಡಯಲ್-ಅಪ್ ಕನೆಕ್ಷನ್ ಕೂರಿಸಿದ ಕಥೆ

ಇಪಿಎಬಿಎಕ್ಸ್‌ನಲ್ಲಿ (ಆಫೀಸಿನ ಫೋನುಗಳನ್ನ ಹೊರಗಿನ ಲೈನ್‌ಗೆ ಜೋಡಿಸೋ ಪೆಟ್ಟಿಗೆ) ಡಯಲ್-ಅಪ್ (ಫೋನ್ ಕಾಲ್ ಮೇಲೆ ಡೇಟಾ ಕಳಿಸೋದು) ಸೆಟಪ್ ಅಂದ್ರೆ ಏನ್ ಮಹಾ, ಯೂಸರ್ ನೇಮ್ ಪಾಸ್‌ವರ್ಡ್ ಫೋನ್ ನಂಬರ್ ಹಾಕಿ ಸೇವ್ ಒತ್ತಿದ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅಡ್ಮಿನ್ ಸ್ಕ್ರೀನ್ ನೋಡಿದ್ರೂ ಹಾಗೇ ಅನ್ಸುತ್ತೆ. ಆ ಸ್ಕ್ರೀನ್ ತುಂಬೋದು ಕಾಲು ಗಂಟೆ ಕೆಲಸ. ಮಿಕ್ಕಿದ ಟೈಮೆಲ್ಲಾ ತಿಂದಿದ್ದು ನೆಟ್‌ವರ್ಕ್ ಕಡೆಯ ಸೆಟ್ಟಿಂಗ್ ಅಲ್ಲ, ಟೆಲಿಫೋನ್ ಕಡೆಯದು. ಯಾಕಂದ್ರೆ ಈ ಫೋನ್ ಸಿಸ್ಟಮ್‌ಗೆ ಲೈನಲ್ಲಿ ಇರೋರೆಲ್ಲಾ ಮನುಷ್ಯರೇ, ಮನುಷ್ಯರಿಗೆ ಅನುಕೂಲ ಅಂತ ಕೊಟ್ಟಿರೋ ಒಂದೊಂದು ಫೀಚರ್ರೂ ಡೇಟಾನ ಶಬ್ದ ಮಾಡಿ ಲೈನಲ್ಲಿ ಕಳಿಸೋ ಮೋಡೆಮ್ ಪಾಲಿಗೆ ಕಂಟಕ.

ನಮಗೆ ಬೇಕಾಗಿದ್ದು ಎರಡು ಕೆಲಸ. ಒಂದು, ಸಪೋರ್ಟ್ ಕಡೆಯವರು ಹೊರಗಿಂದ ಡಯಲ್ ಮಾಡಿ ಸಿಸ್ಟಮ್ ಒಳಗೆ ಬಂದು ಪ್ರೋಗ್ರಾಮಿಂಗ್ ಮಾಡೋ ಹಾಗಿರ್ಬೇಕು, ಅಂದ್ರೆ ಡಯಲ್-ಇನ್. ಎರಡನೇದು, ಮುಖ್ಯ ಇಂಟರ್ನೆಟ್ ಲಿಂಕ್ ಬಿದ್ದಾಗ ಸಿಸ್ಟಮ್ ತಾನಾಗೇ ಡಯಲ್ ಮಾಡಿ ಹೆಡ್ ಆಫೀಸ್ ನೆಟ್‌ವರ್ಕ್‌ಗೆ ಸೇರ್ಕೋಬೇಕು, ಇದು ಡಯಲ್-ಔಟ್ ಬ್ಯಾಕಪ್. ಮೊದಲನೇದಕ್ಕೆ ಸೀರಿಯಲ್ ಪೋರ್ಟ್‌ಗೆ ಒಂದು ಎಕ್ಸ್‌ಟರ್ನಲ್ ಮೋಡೆಮ್, ಎರಡನೇದಕ್ಕೆ ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಅಂತ ತೀರ್ಮಾನ ಆಯ್ತು. ಈ ಕಾಲದಲ್ಲೂ ಡಯಲ್-ಅಪ್ಪಾ ಅಂತ ನಗೋರು ನಗ್ಲಿ, ಇಂಟರ್ನೆಟ್ ಬಿದ್ದು ಸಿಸ್ಟಮ್ ಕೈಗೆ ಸಿಗದೇ ಇದ್ದಾಗ ಒಳಗೆ ಹೋಗೋಕೆ ಬೇರೆ ದಾರಿ ಒಂದಿರ್ಬೇಕಲ್ಲ.

ಕೇಬಲ್ ವಿಚಾರ ಮೊದಲು ಹೇಳಿಬಿಡ್ತೀನಿ. ಅನಲಾಗ್ ಎಕ್ಸ್‌ಟೆನ್ಷನ್ ಜ್ಯಾಕು ಡಿಜಿಟಲ್ ಎಕ್ಸ್‌ಟೆನ್ಷನ್ ಜ್ಯಾಕು ನೋಡೋಕೆ ಒಂದೇ ಥರ ಇರುತ್ತೆ, ಮೋಡೆಮ್ ಪ್ಲಗ್ ಎರಡಕ್ಕೂ ಸಲೀಸಾಗಿ ಹೋಗುತ್ತೆ, ಆದ್ರೆ ಡಿಜಿಟಲ್ ಪೋರ್ಟ್‌ಗೆ ಹಾಕಿದ್ರೆ ಮೋಡೆಮ್ ಸುಟ್ಟುಹೋಗೋ ಚಾನ್ಸ್ ಇದೆ. ಹಾಗಾಗಿ ಮೊದಲು ಒಂದು ಮಾಮೂಲಿ ಅನಲಾಗ್ ಫೋನ್ ಚುಚ್ಚಿ ಡಯಲ್ ಟೋನ್ ಕೇಳಿ ಆಮೇಲೆ ಮೋಡೆಮ್ ಹಾಕಿದ್ದು. ಸೀರಿಯಲ್ ಕೇಬಲ್ ಕೂಡ ಎಲ್ಲಾ ಪಿನ್ ಇರೋ ಮೋಡೆಮ್ ಕೇಬಲ್ಲೇ ಆಗಿರ್ಬೇಕು, ಮೂರು ವೈರಿನದು ಸಾಲಲ್ಲ, ಯಾಕಂದ್ರೆ ಕಾಲ್ ಕಟ್ ಆಗಿದೆ ಅಂತ ಸಿಸ್ಟಮ್‌ಗೆ ಗೊತ್ತಾಗೋದೇ ಕ್ಯಾರಿಯರ್ (ಆ ಕಡೆ ಮೋಡೆಮ್‌ನ ಸಿಗ್ನಲ್) ಇದೆಯಾ ಅಂತ ಹೇಳೋ ಕ್ಯಾರಿಯರ್ ಡಿಟೆಕ್ಟ್ ಪಿನ್‌ನಿಂದ, ಕಾಲ್ ಇಟ್ಟುಬಿಡು ಅಂತ ಮೋಡೆಮ್‌ಗೆ ಹೇಳೋದು ಡಿಟಿಆರ್ ಪಿನ್‌ನಿಂದ. ಆ ಎರಡು ಇಲ್ದಿದ್ರೆ ಆ ಕಡೆಯವರು ಹೋಗಿ ಎಷ್ಟೋ ಹೊತ್ತಾದ್ಮೇಲೂ ಸಿಸ್ಟಮ್ ಇನ್ನೂ ಸೆಷನ್ ನಡೀತಿದೆ ಅಂತ ಲೈನ್ ಹಿಡ್ಕೊಂಡು ಕೂತಿರುತ್ತೆ.

ಮೋಡೆಮ್ ಸ್ಟ್ರಿಂಗ್ (ಮೋಡೆಮ್‌ಗೆ ಕೊಡೋ ಕಮಾಂಡ್ ಸಾಲು) ವಿಷಯದಲ್ಲಿ ನಾನು ತುಂಬಾ ಬುದ್ಧಿ ಉಪಯೋಗಿಸೋಕೆ ಹೋಗಲ್ಲ. ಎಟಿ&ಎಫ್ ಹಾಕಿ ಫ್ಯಾಕ್ಟರಿ ಸೆಟ್ಟಿಂಗ್‌ಗೆ ತರೋದು, &ಸಿ1 &ಡಿ2, ಅಂದ್ರೆ ಮೇಲೆ ಹೇಳಿದ ಆ ಎರಡು ಪಿನ್ ಕೆಲಸ ಮಾಡೋ ಹಾಗೆ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್, ಡಯಲ್-ಇನ್‌ಗೆ ಎಸ್0=1 ಅಂದ್ರೆ ಒಂದು ರಿಂಗ್‌ಗೇ ಎತ್ಕೊಳ್ಳೋ ಹಾಗೆ, &ಡಬ್ಲ್ಯೂ ಹೊಡೆದು ಸೇವ್. ಅಷ್ಟೇ. ಸ್ಪೀಕರ್ ಮಾತ್ರ ಟೆಸ್ಟಿಂಗ್ ಮುಗಿಯೋ ತನಕ ಆಫ್ ಮಾಡ್ಬೇಡಿ, ಆ ಕಿರುಚಾಟ ಕಿವಿಗೆ ಹಿಂಸೆ ನಿಜ, ಆದ್ರೆ ಲೈನಲ್ಲಿ ಏನ್ ನಡೀತಿದೆ ಅನ್ನೋದು ಲಾಗ್‌ಗಿಂತ ಮೊದಲು ಕಿವಿಗೇ ಗೊತ್ತಾಗುತ್ತೆ.

ಮೊದಲ ತಡೆ ಸಿಕ್ಕಿದ್ದೂ ಆ ಸ್ಪೀಕರ್‌ನಿಂದಲೇ. ಸಪೋರ್ಟ್ ಕಡೆಯ ಹುಡುಗ ಮೊಬೈಲ್‌ನಲ್ಲಿ ನನ್ನ ಜೊತೆ ಮಾತಾಡ್ತಾ ಅವನ ಮೋಡೆಮ್‌ನಿಂದ ನಮ್ಮ ನಂಬರಿಗೆ ಡಯಲ್ ಮಾಡ್ದ. "ಸಾರ್, ಇಲ್ಲಿ ಯಾರೋ ಮೇಡಂ ಸ್ವಾಗತ ಅಂತಿದಾರೆ" ಅಂದ. ಆಟೋ ಅಟೆಂಡೆಂಟ್ ಎತ್ಕೊಂಡಿತ್ತು. ಸ್ವಾಗತ ಹೇಳಿ, ಸೇಲ್ಸ್‌ಗೆ ಒಂದು ಒತ್ತಿ, ಅಕೌಂಟ್ಸ್‌ಗೆ ಎರಡು ಒತ್ತಿ ಅಂತ ನಿಧಾನಕ್ಕೆ ಓದ್ತಿತ್ತು, ಅವನ ಮೋಡೆಮ್ ಕ್ಯಾರಿಯರ್‌ಗೆ ಕಾದು ಕಾದು ಎಸ್7 ಟೈಮರ್ ಮುಗಿದು ನೋ ಕ್ಯಾರಿಯರ್ ಅಂತ ಇಟ್ಟುಬಿಡ್ತಿತ್ತು, ಆ ಟೈಮರ್ ಸಾಮಾನ್ಯವಾಗಿ 50 ಸೆಕೆಂಡ್ ಇರುತ್ತೆ. ಡಯಲ್ ಸ್ಟ್ರಿಂಗ್‌ನಲ್ಲಿ ನಂಬರ್ ಆದ್ಮೇಲೆ ಕಾಮಾಗಳನ್ನ ಹಾಕಿ, ಒಂದು ಕಾಮಾಗೆ 2 ಸೆಕೆಂಡ್ ಲೆಕ್ಕ, ಆಮೇಲೆ ಎಕ್ಸ್‌ಟೆನ್ಷನ್ ನಂಬರ್ ಸೇರಿಸಿದ್ರೆ ಅಟೆಂಡೆಂಟ್‌ನ ದಾಟಿ ಮೋಡೆಮ್‌ಗೆ ತಲುಪುತ್ತೆ, ತಲುಪಿತು ಕೂಡ. ಆದ್ರೆ ಅಟೆಂಡೆಂಟ್ ಒಮ್ಮೆ ಬೇಗ ಎತ್ತುತ್ತೆ ಒಮ್ಮೆ ತಡವಾಗಿ ಎತ್ತುತ್ತೆ, ಕಾಮಾ ಲೆಕ್ಕ ತಪ್ಪಿದ್ರೆ ಎಕ್ಸ್‌ಟೆನ್ಷನ್ ಅಂಕಿಗಳು ರಿಂಗ್ ಆಗ್ತಿರುವಾಗಲೇ ಹೋಗಿ ವ್ಯರ್ಥ. ನನಗೆ ಇಂಥ ಅದೃಷ್ಟದ ಮೇಲೆ ನಡೆಯೋ ವ್ಯವಸ್ಥೆ ಇಷ್ಟ ಇಲ್ಲ. ಪಿಆರ್‌ಐ (ಟೆಲಿಕಾಂ ಕಂಪನಿಯಿಂದ ಬರೋ, ಒಟ್ಟಿಗೆ ಹಲವು ಕಾಲ್ ಹೊರೋ ಐಎಸ್‌ಡಿಎನ್ ಲೈನ್) ಜೊತೆ ಬಂದಿದ್ದ ಡಿಐಡಿ ನಂಬರುಗಳಲ್ಲಿ, ಅಂದ್ರೆ ಹೊರಗಿಂದ ನೇರ ಒಂದು ಎಕ್ಸ್‌ಟೆನ್ಷನ್‌ಗೆ ಬೀಳೋ ನಂಬರುಗಳಲ್ಲಿ, ಯಾರಿಗೂ ಕೊಡದೇ ಇದ್ದ ಒಂದನ್ನ ನೇರವಾಗಿ ಮೋಡೆಮ್ ಎಕ್ಸ್‌ಟೆನ್ಷನ್‌ಗೆ ಕಟ್ಟಿದೆ, ಅಟೆಂಡೆಂಟ್ ಇಲ್ಲ ಆಪರೇಟರ್ ಇಲ್ಲ, ಒಂದು ರಿಂಗ್, ಕಿರ್ರ್ ಅಂತ ಶುರು.

ಆಮೇಲೆ ಆ ಎಕ್ಸ್‌ಟೆನ್ಷನ್‌ನ ಬೋಳಿಸೋ ಕೆಲಸ. ಹೊಸ ಎಕ್ಸ್‌ಟೆನ್ಷನ್ ಮಾಡಿದ ಕೂಡ್ಲೇ ಸಿಸ್ಟಮ್ ಡೀಫಾಲ್ಟ್ ಆಗಿ ಎಲ್ಲಾ ಸೌಲಭ್ಯ ಕೊಟ್ಟುಬಿಡುತ್ತೆ. ಕಾಲ್ ವೇಟಿಂಗ್ ಆಫ್, ಯಾಕಂದ್ರೆ ಮಧ್ಯದಲ್ಲಿ ಬರೋ ಆ ಸಣ್ಣ ಬೀಪ್ ಸಾಕು ಕ್ಯಾರಿಯರ್ ಹೋಗೋಕೆ. ಬಾರ್ಜ್-ಇನ್ ಆಫ್, ಅಂದ್ರೆ ಆಪರೇಟರ್ ಮಧ್ಯ ತೂರ್ಕೊಂಡು ಮಾತಾಡೋ ಸೌಲಭ್ಯ. ಬಿಝಿ ಇದ್ರೆ ಬೇರೆ ಎಕ್ಸ್‌ಟೆನ್ಷನ್‌ಗೆ ಹೋಗೋದು ಆಫ್. ವಾಯ್ಸ್ ಮೇಲ್‌ಬಾಕ್ಸ್ ಡಿಲೀಟ್. ಪೇಜಿಂಗ್ ಗ್ರೂಪ್‌ನಿಂದ ಹೊರಗೆ. ಕೆಲವು ಸಿಸ್ಟಮ್‌ನಲ್ಲಿ ಡೇಟಾ ಪ್ರೈವಸಿ ಅಂತ ಒಂದೇ ಟಿಕ್ ಮಾರ್ಕ್ ಇರುತ್ತೆ, ಅದು ಹಾಕಿದ್ರೆ ಲೈನ್ ಮೇಲೆ ಯಾವ ಟೋನೂ ತೂರಲ್ಲ, ನಿಮ್ಮಲ್ಲಿದ್ರೆ ಮೊದಲು ಅದನ್ನ ಹುಡುಕಿ.

ವಾಯ್ಸ್ ಮೇಲ್‌ಬಾಕ್ಸ್ ಡಿಲೀಟ್ ಮಾಡಿದ್ದಕ್ಕೆ ಬೇರೆ ಕಾರಣಾನೂ ಇದೆ. ಯಾರೋ ರಾಂಗ್ ನಂಬರ್ ಒತ್ತಿ ಆ ಎಕ್ಸ್‌ಟೆನ್ಷನ್‌ಗೆ ಮೆಸೇಜ್ ಬಿಟ್ರು ಅಂತಿಟ್ಕೊಳ್ಳಿ, ಹೊಸ ಮೆಸೇಜ್ ಇದೆ ಅಂತ ತಿಳಿಸೋಕೆ ಸಿಸ್ಟಮ್ ಡಯಲ್ ಟೋನ್‌ನ ತೊದಲಿಸುತ್ತೆ, ಟುಟುಟು ಅಂತ ತುಂಡು ತುಂಡಾಗಿ. ಮನುಷ್ಯನಿಗೆ ಅದು ಸೂಚನೆ, ಮೋಡೆಮ್‌ಗೆ ಅದು ಡಯಲ್ ಟೋನೇ ಅಲ್ಲ, ನೋ ಡಯಲ್‌ಟೋನ್ ಅಂತ ಎರರ್ ಕೊಟ್ಟು ಸುಮ್ಮನಾಗುತ್ತೆ. ಇಂಥದ್ದನ್ನ ಯಾವ ಮ್ಯಾನ್ಯುಯಲ್ ಓದಿ ಕಂಡುಹಿಡೀತೀರಿ ಹೇಳಿ.

ಕನೆಕ್ಟ್ ಏನೋ ಆಯ್ತು, ಸ್ಪೀಡ್ ನೋಡಿದ್ರೆ ಸೆಕೆಂಡ್‌ಗೆ 26400 ಬಿಟ್. ಮೋಡೆಮ್ ಡಬ್ಬಿ ಮೇಲೆ 56ಕೆ ಅಂತ ದೊಡ್ಡದಾಗಿ ಬರೆದಿದೆಯಲ್ಲ ಅಂತ ಮ್ಯಾನೇಜರ್ ಕೇಳಿದ್ರು, ಸರಿಯಾದ ಪ್ರಶ್ನೆನೇ. 1998ರ ವಿ.90 ಸ್ಟ್ಯಾಂಡರ್ಡ್‌ನಲ್ಲಿ 56ಕೆ ಬರೋದು ಡೌನ್‌ಲೋಡ್ ಕಡೆಗೆ ಮಾತ್ರ, ಅದೂ ಒಂದು ತುದಿ ನೇರವಾಗಿ ಡಿಜಿಟಲ್ ಆಗಿದ್ದು ದಾರಿಯಲ್ಲಿ ಒಂದೇ ಒಂದು ಸಲ ಅನಲಾಗ್ ಕನ್ವರ್ಷನ್ ಇದ್ದಾಗ. ನಮ್ಮ ಕೇಸಲ್ಲಿ ಆ ಕಡೆ ಅನಲಾಗ್ ಮೋಡೆಮ್, ಈ ಕಡೆ ಪಿಆರ್‌ಐಯಲ್ಲಿ ಡಿಜಿಟಲ್ ಆಗಿ ಬಂದಿದ್ದನ್ನ ಎಕ್ಸ್‌ಟೆನ್ಷನ್ ಕಾರ್ಡ್ ಮತ್ತೆ ಅನಲಾಗ್ ಮಾಡಿ ಮೋಡೆಮ್‌ಗೆ ಕೊಡುತ್ತೆ. ಹಾಗಾಗಿ ಅದಕ್ಕಿಂತ ಹಳೇ ವಿ.34 ಸ್ಟ್ಯಾಂಡರ್ಡ್‌ನ 33.6ಕೆ ಅನ್ನೋದೇ ಮೇಲಿನ ಗಡಿ, ಅದರ ಕೆಳಗೆ ಲೈನ್ ಎಷ್ಟು ಕೊಡುತ್ತೋ ಅಷ್ಟು. ಮೋಡೆಮ್ ಸುಮ್ಮನೆ ವಿ.90ಗೆ ಟ್ರೈ ಮಾಡಿ ಟೈಮ್ ಕಳೆಯೋದು ಬೇಡ ಅಂತ +ಎಂಎಸ್ ಕಮಾಂಡ್‌ನಿಂದ ವಿ.34ಗೇ ಲಾಕ್ ಮಾಡಿದೆ, ಹ್ಯಾಂಡ್‌ಶೇಕ್ ಬೇಗ ಮುಗಿಯೋಕೆ ಶುರುವಾಯ್ತು. ಅಂದ ಹಾಗೆ ಕೆಲವು ಮೋಡೆಮ್ ಕನೆಕ್ಟ್ 115200 ಅಂತ ತೋರಿಸಿದ್ರೆ ಕುಣಿದಾಡ್ಬೇಡಿ, ಅದು ಸೀರಿಯಲ್ ಪೋರ್ಟ್ ಸ್ಪೀಡು, ಲೈನ್ ಸ್ಪೀಡ್ ಅಲ್ಲ. ಅಸಲಿಗೆ ಈ ಲೈನಲ್ಲಿ 1 ಎಂಬಿ ಫೈಲ್ ಇಳಿಸೋಕೆ ಐದು ನಿಮಿಷ ಬೇಕು. ಪ್ರೋಗ್ರಾಮಿಂಗ್ ಮಾಡೋಕೆ ಸಾಕು, ಸಾಫ್ಟ್‌ವೇರ್ ಅಪ್‌ಗ್ರೇಡ್ ಈ ದಾರಿಯಲ್ಲಿ ಕಳಿಸ್ತೀನಿ ಅಂದವರಿಗೆ ಕೈ ಮುಗಿದೆ.

ಇನ್ನು ಪಿಪಿಪಿ, ಅಂದ್ರೆ ಕನೆಕ್ಟ್ ಆದ ಲೈನ್ ಮೇಲೆ ನೆಟ್‌ವರ್ಕ್ ಕಟ್ಟೋ ಪದ್ಧತಿ. ಇಲ್ಲಿ ಲಾಗ್ ಓದೋಕೆ ಬಂದ್ರೆ ಅರ್ಧ ಗೆದ್ದ ಹಾಗೆ. ಮೂರು ಹಂತ, ಮೊದಲು ಲಿಂಕ್ ಬಗ್ಗೆ ಮಾತಾಡ್ಕೊಳ್ಳೋ ಎಲ್‌ಸಿಪಿ, ಆಮೇಲೆ ಪಾಸ್‌ವರ್ಡ್ ನೋಡೋ ಪಾಪ್ ಅಥವಾ ಚಾಪ್, ಕೊನೆಗೆ ಐಪಿ ವಿಳಾಸ ತೀರ್ಮಾನ ಮಾಡೋ ಐಪಿಸಿಪಿ, ಎಲ್ಲಿ ನಿಂತಿದೆ ಅಂತ ನೋಡಿದ್ರೆ ಯಾವ ಕಡೆ ಹುಡುಕ್ಬೇಕು ಅಂತ ಗೊತ್ತಾಗುತ್ತೆ. ಎಲ್‌ಸಿಪಿ ರಿಕ್ವೆಸ್ಟ್ ಹೋಗ್ತಾನೇ ಇದೆ ಉತ್ತರ ಇಲ್ಲ ಅಂದ್ರೆ ಆ ಕಡೆ ಪಿಪಿಪಿ ಶುರುನೇ ಆಗಿಲ್ಲ, ಟೆಕ್ಸ್ಟ್ ಲಾಗಿನ್ ಪ್ರಾಂಪ್ಟ್ ಕೊಟ್ಟು ಕೂತಿರಬಹುದು. ನೀವು ಕಳಿಸಿದ್ದೇ ಅದೇ ಮ್ಯಾಜಿಕ್ ನಂಬರ್ (ಕಳಿಸಿದವರ ಗುರುತಿನ ಸಂಖ್ಯೆ) ಸಮೇತ ವಾಪಸ್ ಬರ್ತಿದ್ರೆ ಎಲ್ಲೋ ಲೂಪ್ ಆಗ್ತಿದೆ. ನಮ್ಮದು ಎಲ್‌ಸಿಪಿ ದಾಟಿ ಅಥೆಂಟಿಕೇಶನ್‌ನಲ್ಲಿ ಬೀಳ್ತಿತ್ತು, ಪಾಸ್‌ವರ್ಡ್ ಸರಿ ಇತ್ತು, ಆದ್ರೆ ಆ ಕಡೆ ಲ್ಯಾಪ್‌ಟಾಪ್ ಪಾಪ್ ಮಾತ್ರ ಒಪ್ಪೋ ಹಾಗೆ ಸೆಟ್ ಆಗಿತ್ತು, ನಮ್ಮ ಸಿಸ್ಟಮ್ ಚಾಪ್ ಬಿಟ್ರೆ ಬೇರೆ ಬೇಡ ಅಂತಿತ್ತು. ಪಾಪ್‌ನಲ್ಲಿ ಪಾಸ್‌ವರ್ಡ್ ಹಾಗೇ ಬಿಚ್ಚಿಟ್ಟಂಗೆ ಲೈನಲ್ಲಿ ಹೋಗುತ್ತೆ, ಚಾಪ್‌ನಲ್ಲಿ ಹೋಗಲ್ಲ, ಅದಕ್ಕೆ ನಮ್ಮ ಕಡೆ ಸಡಿಲ ಮಾಡೋ ಬದಲು ಅವನಿಗೇ ಚಾಪ್ ಆನ್ ಮಾಡೋಕೆ ಹೇಳಿದೆ.

ಐಪಿ ಸಿಕ್ತು, ಸಿಸ್ಟಮ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳೋ ಪ್ಯಾಕೆಟ್) ಮಾಡಿದ್ರೆ ಉತ್ತರ ಬಂತು, ಚಪ್ಪಾಳೆ. ಆದ್ರೆ ಸಿಸ್ಟಮ್ ಪಕ್ಕದಲ್ಲೇ ಇರೋ ವಾಯ್ಸ್ ಮೇಲ್ ಸರ್ವರ್‌ಗೆ ಪಿಂಗ್ ಇಲ್ಲ. ಇದು ಎಲ್ಲಾ ಕಡೆ ಆಗುತ್ತೆ ಅಂತ ಬರೀತಿದೀನಿ. ಆ ಸರ್ವರ್‌ನ ಡೀಫಾಲ್ಟ್ ಗೇಟ್‌ವೇ, ಅಂದ್ರೆ ಹೊರಗಿನ ವಿಳಾಸಕ್ಕೆ ಹೋಗೋ ಬಾಗಿಲು, ಆಫೀಸಿನ ಮುಖ್ಯ ರೌಟರ್, ಫೋನ್ ಸಿಸ್ಟಮ್ ಅಲ್ಲ, ಡಯಲ್-ಇನ್ ಮಾಡಿದವನಿಗೆ ಕೊಟ್ಟಿದ್ದ ಐಪಿ ಬೇರೆ ಸಬ್‌ನೆಟ್‌ದು (ಬೇರೆ ವಿಳಾಸಗಳ ಗುಂಪು), ಅಂದ್ರೆ ಪಿಂಗ್ ಒಳಗೆ ಹೋಗುತ್ತೆ, ಉತ್ತರ ಮಾತ್ರ ಮುಖ್ಯ ರೌಟರ್ ಕಡೆ ಹೋಗಿ ಇಂಟರ್ನೆಟ್ ಪಾಲಾಗುತ್ತೆ. ಎರಡು ಪರಿಹಾರ ಇದೆ, ಮುಖ್ಯ ರೌಟರ್‌ನಲ್ಲಿ ಆ ಸಬ್‌ನೆಟ್‌ಗೆ ಫೋನ್ ಸಿಸ್ಟಮ್ ಕಡೆ ತೋರಿಸೋ ಸ್ಟ್ಯಾಟಿಕ್ ರೌಟ್ ಹಾಕೋದು, ಇಲ್ಲಾಂದ್ರೆ ಡಯಲ್-ಇನ್‌ಗೆ ಲ್ಯಾನ್‌ನಲ್ಲೇ ಇರೋ ಒಂದು ಖಾಲಿ ಐಪಿ ಕೊಟ್ಟು ಪ್ರಾಕ್ಸಿ ಆರ್ಪ್ (ಆ ಐಪಿ ಪರವಾಗಿ ಫೋನ್ ಸಿಸ್ಟಮ್ಮೇ ಲ್ಯಾನ್‌ನಲ್ಲಿ ಉತ್ತರ ಕೊಡೋದು) ಆನ್ ಮಾಡೋದು. ನಾನು ಮೊದಲನೇದು ಮಾಡ್ದೆ, ಯಾರು ಡಯಲ್-ಇನ್‌ನಿಂದ ಬಂದಿದಾರೆ ಅಂತ ಫೈರ್‌ವಾಲ್ ಲಾಗ್‌ನಲ್ಲಿ ಬೇರೆಯಾಗಿ ಕಾಣ್ಲಿ ಅಂತ. ಹಾಗೇ ಡಯಲ್ ಮಾಡೋ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ರಿಮೋಟ್ ನೆಟ್‌ವರ್ಕ್‌ನ ಡೀಫಾಲ್ಟ್ ಗೇಟ್‌ವೇ ಬಳಸು ಅನ್ನೋ ಟಿಕ್ ತೆಗೆಸಿ, ಇಲ್ಲಾಂದ್ರೆ ಅವನ ಮೇಲು, ಅಪ್‌ಡೇಟು ಎಲ್ಲಾ ಈ ಬಡಪಾಯಿ 26ಕೆ ಲೈನಲ್ಲಿ ನುಗ್ಗೋಕೆ ನೋಡುತ್ತೆ.

ಇಷ್ಟಾದ್ಮೇಲೂ ಒಂದು ಕಾಟ ಉಳ್ದಿತ್ತು, ನಿಜವಾದ ತಲೆನೋವು ಇದೇ. ಕನೆಕ್ಷನ್ ಚೆನ್ನಾಗಿ ನಡೀತಿರುತ್ತೆ, ಇದ್ದಕ್ಕಿದ್ದಂಗೆ ಡೇಟಾ ನಿಂತುಹೋಗಿ ಮೋಡೆಮ್ ಮತ್ತೆ ಟ್ರೇನ್ ಆಗೋಕೆ, ಅಂದ್ರೆ ಲೈನ್‌ಗೆ ತಕ್ಕಂತೆ ಹೊಂದಿಸ್ಕೊಳ್ಳೋಕೆ, ಶುರು ಮಾಡುತ್ತೆ, ಸ್ಪೀಡ್ ಇಳಿಸ್ಕೊಂಡು ಮತ್ತೆ ನಡೆಯುತ್ತೆ, ಮತ್ತೆ ಅದೇ, ಕೊನೆಗೆ ಕಟ್. ಅದೇ ಲೈನಲ್ಲಿ ಮಾತಾಡಿದ್ರೆ ಧ್ವನಿ ಗಂಟೆ ಥರ ಸ್ಪಷ್ಟ. ಟೆಲಿಕಾಂ ಕಂಪನಿಯವರನ್ನ ಕೇಳಿದ್ರೆ ಲೈನ್ ಓಕೆ ಸಾರ್ ಅಂತಾರೆ, ಮೋಡೆಮ್ ಬದಲಾಯಿಸಿ ನೋಡಿದ್ರೂ ಅದೇ ಹಾಡು. ಕೊನೆಗೆ ಪಿಆರ್‌ಐ ಬಂದು ಸೇರೋ ಟ್ರಂಕ್ ಕಾರ್ಡಿನ ಕೌಂಟರ್ ತೆಗೆದು ನೋಡಿದ್ರೆ ಸ್ಲಿಪ್ ಅನ್ನೋ ಜಾಗದಲ್ಲಿ ನಂಬರ್ ಏರ್ತಾನೇ ಇದೆ, ರಿಫ್ರೆಶ್ ಒತ್ತಿದಾಗೆಲ್ಲಾ ಸ್ವಲ್ಪ ಮೇಲೆ.

ಸ್ಲಿಪ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಪಿಆರ್‌ಐಯಲ್ಲಿ ಧ್ವನಿ ಸೆಕೆಂಡ್‌ಗೆ 8000 ಫ್ರೇಮ್ ಲೆಕ್ಕದಲ್ಲಿ ಬರುತ್ತೆ. ಕಳಿಸೋರ ಕ್ಲಾಕು ತಗೊಳ್ಳೋರ ಕ್ಲಾಕು ಒಂದೇ ಆಗಿರ್ಬೇಕು. ಒಬ್ಬ ಇಟ್ಟಿಗೆ ಎಸೀತಾ ಇನ್ನೊಬ್ಬ ಹಿಡೀತಾ ಇರುವಾಗ ಇಬ್ಬರ ವೇಗದಲ್ಲಿ ಕೂದಲೆಳೆ ವ್ಯತ್ಯಾಸ ಇದ್ರೂ ಆಗಾಗ ಒಂದು ಇಟ್ಟಿಗೆ ಕೆಳಗೆ ಬೀಳುತ್ತಲ್ಲ, ಇಲ್ಲೂ ಹಾಗೇ ಆಗಾಗ ಒಂದು ಫ್ರೇಮ್ ಬಿದ್ದುಹೋಗುತ್ತೆ ಅಥವಾ ಎರಡು ಸಲ ಬರುತ್ತೆ. ಒಂದು ಫ್ರೇಮ್ ಅಂದ್ರೆ 125 ಮೈಕ್ರೋಸೆಕೆಂಡ್, ಮಾತಾಡೋರಿಗೆ ಹೆಚ್ಚಿನ ಸಲ ಒಂದು ಟಿಕ್ ಕೂಡ ಕೇಳ್ಸಲ್ಲ, ಆದ್ರೆ ಮೋಡೆಮ್ ಸಿಗ್ನಲ್‌ನ ಫೇಸ್ ಎಗರಿಹೋಗುತ್ತೆ, ಅದು ಗಾಬರಿಯಾಗಿ ಮತ್ತೆ ಟ್ರೇನಿಂಗ್ ಶುರು ಮಾಡುತ್ತೆ. ನಮ್ಮ ಸಿಸ್ಟಮ್‌ನಲ್ಲಿ ಎರಡು ಡಿಜಿಟಲ್ ಕಾರ್ಡ್ ಇತ್ತು, ಒಂದು ಟೆಲಿಕಾಂ ಕಂಪನಿಯ ಪಿಆರ್‌ಐ, ಇನ್ನೊಂದು ಬ್ರಾಂಚ್ ಆಫೀಸಿನ ಇಪಿಎಬಿಎಕ್ಸ್‌ಗೆ ಹೋಗೋ ಟೈ ಲೈನ್. ಮೊದಲು ಇನ್‌ಸ್ಟಾಲ್ ಮಾಡಿದವರು ಕ್ಲಾಕ್ ಸೋರ್ಸ್ ಟೈ ಲೈನ್ ಅಂತ ಬಿಟ್ಟಿದ್ರು, ಆ ಬ್ರಾಂಚ್ ಪೆಟ್ಟಿಗೆ ತನ್ನದೇ ಸ್ವಂತ ಕ್ಲಾಕ್ ಮೇಲೆ ಓಡ್ತಿತ್ತು. ವರ್ಷಗಟ್ಟಲೆ ಯಾರಿಗೂ ಗೊತ್ತಾಗಿಲ್ಲ, ಯಾಕಂದ್ರೆ ಎಲ್ಲಾ ಮಾತಾಡೋರೇ. ಪಿಆರ್‌ಐನ ಪ್ರೈಮರಿ ರೆಫರೆನ್ಸ್ ಮಾಡಿ, ಟೈ ಲೈನ್‌ಗೆ ನಮ್ಮ ಕಡೆಯಿಂದಲೇ ಕ್ಲಾಕ್ ಹೋಗೋ ಹಾಗೆ ಆ ತುದಿಯಲ್ಲೂ ಬದಲಾಯಿಸಿದ ಮೇಲೆ ಕೌಂಟರ್ ನಿಂತುಹೋಯ್ತು, ಕಟ್ ಆಗೋದೂ ನಿಲ್ತು. ಫ್ಯಾಕ್ಸ್ ಅರ್ಧ ಪೇಜ್ ಬಂದು ನಿಲ್ಲುತ್ತೆ ಅಂತ ಅಕೌಂಟ್ಸ್‌ನವರು ಅಳ್ತಿದ್ದಿದ್ದೂ ಅವತ್ತಿಂದ ನಿಲ್ತು, ಅವರಿಗೆ ಕಾರಣ ಹೇಳೋಕೆ ಹೋಗ್ಲಿಲ್ಲ, ಕಾಫಿ ಕುಡಿಸಿದ್ರು ಕುಡ್ಕೊಂಡು ಬಂದೆ.

ಡಯಲ್-ಔಟ್ ಬ್ಯಾಕಪ್ ಕಡೆಗೆ ಬರೋಣ. ಐಎಸ್‌ಡಿಎನ್‌ನಲ್ಲಿ ಕಿರುಚಾಟ ಇಲ್ಲ, ಎರಡು ಸೆಕೆಂಡ್ ಒಳಗೆ ಕನೆಕ್ಟ್, ಒಂದು ಬಿ ಚಾನೆಲ್‌ಗೆ (ಒಂದು ಕಾಲ್ ಹೊರೋ ದಾರಿ) 64ಕೆ, ಮಲ್ಟಿಲಿಂಕ್ ಹಾಕಿ ಎರಡು ಸೇರಿಸಿದ್ರೆ 128ಕೆ. ಆದ್ರೆ ಇಲ್ಲಿ ಬೇರರ್ ಕೇಪಬಿಲಿಟಿ ಅಂತ ಒಂದಿದೆ, ಕಾಲ್ ಮಾಡುವಾಗಲೇ ಇದು ಮಾತಿನ ಕಾಲಾ ಡೇಟಾ ಕಾಲಾ ಅಂತ ನೆಟ್‌ವರ್ಕ್‌ಗೆ ಹೇಳ್ಬೇಕು, ಡೇಟಾಗೆ ಅನ್‌ರಿಸ್ಟ್ರಿಕ್ಟೆಡ್ 64ಕೆ. ಮಾತು ಅಂತ ಹೋದ್ರೆ ದಾರಿಯಲ್ಲಿ ಎಕೋ ಕ್ಯಾನ್ಸಲರ್ ಅದು ಇದು ಬಿಟ್‌ಗಳನ್ನ ಮುಟ್ಟಿ ಹಾಳು ಮಾಡುತ್ತೆ, ಕಾಲ್ ಎತ್ತಿದ ಹಾಗೆ ಕಾಣುತ್ತೆ, ಪಿಪಿಪಿ ಮೇಲೇಳಲ್ಲ. ನಮ್ಮ ಕಡೆ ಸರಿಯಾಗೇ ಹೋಗ್ತಿತ್ತು, ಆದ್ರೂ ಕಾಸ್ ಕೋಡ್ 88 ವಾಪಸ್ ಬರ್ತಿತ್ತು, ಅಂದ್ರೆ ಆ ತುದಿಯಲ್ಲಿರೋ ಸಾಧನ ಇಂಥ ಕಾಲ್ ತಗೊಳ್ಳೋ ಜಾತಿದಲ್ಲ ಅಂತ. ಹೆಡ್ ಆಫೀಸಲ್ಲಿ ಆ ನಂಬರ್ ರೌಟರ್‌ಗೆ ಹೋಗೋ ಬದಲು ಯಾರದೋ ಟೇಬಲ್ ಫೋನ್‌ಗೆ ಕಟ್ಟಿತ್ತು. ಐಎಸ್‌ಡಿಎನ್‌ನ ಒಳ್ಳೇ ಗುಣ ಇದು, ಬಿದ್ರೆ ಯಾಕೆ ಬಿತ್ತು ಅಂತ ನಂಬರ್ ಕೊಟ್ಟು ಹೇಳುತ್ತೆ, 17 ಅಂದ್ರೆ ಬಿಝಿ, 34 ಅಂದ್ರೆ ಚಾನೆಲ್ ಖಾಲಿ ಇಲ್ಲ, 57 ಅಂದ್ರೆ ನಿಮಗೆ ಡೇಟಾ ಕಾಲ್ ಪರ್ಮಿಷನ್ನೇ ಇಲ್ಲ. ಮೋಡೆಮ್ ಥರ ಎಲ್ಲದಕ್ಕೂ ನೋ ಕ್ಯಾರಿಯರ್ ಅನ್ನಲ್ಲ.

34 ನೋಡಿದ್ದು ಬೆಳಗ್ಗೆ ಎಲ್ಲರೂ ಫೋನ್ ಹಿಡ್ಕೊಂಡಿರೋ ಹೊತ್ತಲ್ಲಿ. ಇಂಟರ್ನೆಟ್ ಬಿದ್ದಾಗ ಜನ ಮೇಲ್ ಬಿಟ್ಟು ಫೋನೇ ಮಾಡ್ತಾರೆ, ಅಂದ್ರೆ ಬ್ಯಾಕಪ್ ಬೇಕಾಗೋ ಹೊತ್ತೇ ಲೈನ್ ಸಿಗದೇ ಇರೋ ಹೊತ್ತು. ಎರಡು ಚಾನೆಲ್‌ನ ಬೇರೆ ಲೈನ್ ಪೂಲ್ ಮಾಡಿ ಅದನ್ನ ಡೇಟಾಗೆ ಮಾತ್ರ ಅಂತ ಮೀಸಲಿಟ್ಟೆ, ಎರಡು ಲೈನ್ ಕಡಿಮೆ ಆಯ್ತು ಅಂತ ಸೇಲ್ಸ್‌ನವರ ಗೊಣಗಾಟ ಇದ್ದೇ ಇದೆ.

ಲಿಂಕ್ ಬಿದ್ದಿದೆ ಅಂತ ಸಿಸ್ಟಮ್ ಕಂಡುಹಿಡಿಯೋದ್ರಲ್ಲೂ ಒಂದು ಸೂಕ್ಷ್ಮ ಇದೆ. ಈಥರ್ನೆಟ್ ಲೈಟ್ ಹಸಿರಾಗೇ ಇರುತ್ತೆ, ಆಚೆ ಎಲ್ಲೋ ಸತ್ತಿರುತ್ತೆ, ಹಾಗಾಗಿ ದೂರದ ಒಂದು ಐಪಿಗೆ ಪಿಂಗ್ ಮಾಡಿ ನೋಡೋ ಹಾಗಿಡ್ಬೇಕು. ಆ ಐಪಿಗೆ ಮುಖ್ಯ ಲಿಂಕ್ ಮೂಲಕ ಮಾತ್ರ ಹೋಗು ಅಂತ ಸ್ಟ್ಯಾಟಿಕ್ ರೌಟ್ ಹಾಕಿ ಕಟ್ಟಿಹಾಕ್ದೆ ಬಿಟ್ರೆ ಒಂದು ತಮಾಷೆ ನಡೆಯುತ್ತೆ, ಬ್ಯಾಕಪ್ ಎದ್ದ ಕೂಡ್ಲೇ ಪಿಂಗ್ ಬ್ಯಾಕಪ್ ಮೂಲಕ ಹೋಗಿ ಸಕ್ಸೆಸ್ ಆಗುತ್ತೆ, ಓ ಮುಖ್ಯ ಲಿಂಕ್ ಬಂತು ಅಂತ ಸಿಸ್ಟಮ್ ಕಾಲ್ ಇಟ್ಟುಬಿಡುತ್ತೆ, ಇಟ್ಟ ಮೇಲೆ ಪಿಂಗ್ ಫೇಲ್, ಮತ್ತೆ ಡಯಲ್. ಕಾಲ್ ಬಿಲ್ ನೋಡಿದವರಿಗೆ ಮಾತ್ರ ತಮಾಷೆ ಅನ್ಸಲ್ಲ. ಐಡಲ್ ಟೈಮೌಟ್ ಹಾಕಿದ್ರೂ ಗಡಿಯಾರ ಸರಿ ಮಾಡೋ ಎನ್‌ಟಿಪಿ, ಹೆಸರಿಂದ ಐಪಿ ಹುಡುಕೋ ಡಿಎನ್‌ಎಸ್, ವಿಂಡೋಸ್ ಬ್ರಾಡ್‌ಕಾಸ್ಟ್ ಎಲ್ಲಾ ಸೇರ್ಕೊಂಡು ಲೈನ್ ಖಾಲಿ ಇರೋಕೇ ಬಿಡಲ್ಲ, ಅವು ಟ್ರಾಫಿಕ್ ಲೆಕ್ಕಕ್ಕೆ ಬರಬಾರ್ದು ಅಂತ ಫಿಲ್ಟರ್ ಬರೀಲೇಬೇಕು.

ಸೆಕ್ಯೂರಿಟಿ ಬಗ್ಗೆ ಉದ್ದ ಬರೆಯಲ್ಲ. ಸಾಲಾಗಿ ನಂಬರ್ ಡಯಲ್ ಮಾಡಿ ಯಾವುದರಲ್ಲಿ ಮೋಡೆಮ್ ಎತ್ತುತ್ತೆ ಅಂತ ಹುಡುಕೋ ವಾರ್ ಡಯಲಿಂಗ್ ಅನ್ನೋ ಚಾಳಿ ಹಳೇದು, ಮೋಡೆಮ್ ಎತ್ತಿತು ಅಂದ್ರೆ ಮುಂದೆ ಪಾಸ್‌ವರ್ಡ್ ಗೆಸ್ ಮಾಡೋದೇ. ಅದಕ್ಕೆ ಕಾಲ್‌ಬ್ಯಾಕ್ ಇಟ್ಟಿದೀನಿ, ಅವರು ಡಯಲ್ ಮಾಡಿ ಲಾಗಿನ್ ಆದ ಮೇಲೆ ಸಿಸ್ಟಮ್ ಕಟ್ ಮಾಡಿ ಮೊದಲೇ ಫೀಡ್ ಮಾಡಿರೋ ನಂಬರಿಗೆ ತಾನೇ ವಾಪಸ್ ಮಾಡುತ್ತೆ. ಆ ನಂಬರಿನ ಮುಂದೆ ಹೊರಗಿನ ಲೈನ್ ತಗೊಳ್ಳೋ ಆಕ್ಸೆಸ್ ಕೋಡ್, ಒಂದು ಕಾಮಾ ಸೇರಿಸಿರ್ಬೇಕು, ಜೊತೆಗೆ ಮೋಡೆಮ್‌ಗೆ ಎಕ್ಸ್3 ಹಾಕಿ, ಎಕ್ಸ್‌ಟೆನ್ಷನ್‌ನ ಡಯಲ್ ಟೋನು ಹೊರಗಿನ ಲೈನಿನ ಡಯಲ್ ಟೋನು ಬೇರೆ ಬೇರೆ ಇದ್ರೆ ಮೋಡೆಮ್ ಗುರುತು ಹಿಡಿಯದೇ ಮೊಂಡು ಬೀಳುತ್ತೆ, ಎಕ್ಸ್3 ಅಂದ್ರೆ ಟೋನ್‌ಗೆ ಕಾಯದೇ ಡಯಲ್ ಮಾಡು ಅಂತ. ಎಕ್ಸ್‌ಟೆನ್ಷನ್‌ನ ಕ್ಲಾಸ್ ಆಫ್ ಸರ್ವೀಸ್‌ನಲ್ಲಿ ಆ ಒಂದು ನಂಬರ್ ಬಿಟ್ಟು ಬೇರೆ ಎಲ್ಲಿಗೂ ಹೊರಗೆ ಕಾಲ್ ಹೋಗದ ಹಾಗೆ ಮುಚ್ಚಿದ್ರೆ ಇನ್ನೂ ನಿಶ್ಚಿಂತೆ.

ಈಗ ಪಿಆರ್‌ಐ ತೆಗೆದು ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೇಲೆ ಓಡೋ ಫೋನ್ ಲೈನ್) ಹಾಕೋ ಮಾತು ನಡೀತಿದೆ. ಜಿ.729 ಅಂತ ಕಂಪ್ರೆಸ್ ಮಾಡೋ ಕೋಡೆಕ್ ಮೇಲೆ ಮೋಡೆಮ್ ನಡೆಯೋ ಪ್ರಶ್ನೆನೇ ಇಲ್ಲ, ಧ್ವನಿನ ಅಷ್ಟು ಹಿಂಡದ ಜಿ.711 ಹಾಕಿ, ಸೈಲೆನ್ಸ್ ಸಪ್ರೆಷನ್ ಆಫ್ ಮಾಡಿ, ಪ್ಯಾಕೆಟ್‌ಗಳ ಹಿಂದುಮುಂದು ತಡ ಸರಿದೂಗಿಸೋ ಜಿಟರ್ ಬಫರ್ ಫಿಕ್ಸ್ ಮಾಡಿದ್ರೆ ಒಂದಷ್ಟು ಹೊತ್ತು ನಡೆಯುತ್ತೆ, ಒಂದೆರಡು ಪ್ಯಾಕೆಟ್ ಕಳೆದ್ರೆ ಮತ್ತೆ ರೀಟ್ರೇನ್. ಅಲ್ಲದೇ ಇಂಟರ್ನೆಟ್ ಬಿದ್ದಾಗ ಬೇಕು ಅಂತಿರೋ ದಾರಿಯನ್ನ ಅದೇ ಇಂಟರ್ನೆಟ್ ಮೇಲೆ ಓಡಿಸೋದು ಯಾವ ನ್ಯಾಯ. ಐಎಸ್‌ಡಿಎನ್ ಬ್ಯಾಕಪ್ ಅಂತೂ ಪಿಆರ್‌ಐ ಜೊತೆಗೇ ಹೋಗುತ್ತೆ, ಆ ಜಾಗಕ್ಕೆ ಸಿಮ್ ಹಾಕೋ 4ಜಿ ರೌಟರ್ ಬರುತ್ತೆ. ಡಯಲ್-ಇನ್‌ಗೆ ಮಾತ್ರ ಟೆಲಿಕಾಂ ಕಂಪನಿಯಿಂದ ಒಂದು ಮಾಮೂಲಿ ಅನಲಾಗ್ ಲೈನ್ ಕೇಳಿದೀವಿ, ಅದು ಇಪಿಎಬಿಎಕ್ಸ್ ಒಳಗೆ ಹೋಗದೇ ನೇರ ಮೋಡೆಮ್‌ಗೇ ಬೀಳುತ್ತೆ, ಎಕ್ಸ್3 ಕೂಡ ಬೇಕಾಗಲ್ಲ, ಕಾಲ್‌ಬ್ಯಾಕ್ ನಂಬರಿನ ಮುಂದಿನ ಆಕ್ಸೆಸ್ ಕೋಡ್ ತೆಗೆದ್ರೆ ಆಯ್ತು.